ಯಾವ ದಿನದ ಲೆಕ್ಕ?

ವಿಜಯಪುರದಲ್ಲಿ ಸಮಾಜಶಾಸ್ತ್ರದ ಸ್ನಾತಕೋತ್ತರ ಪದವಿಯ ಕೊನೆಯ ಸೆಮಿಸ್ಟರಿನಲ್ಲಿದ್ದಾಗ, ಕುಟುಂಬಗಳ ನೀರಿನ ಬಳಕೆಯನ್ನು ಕುರಿತು ನಾನು ಕಿರುಪ್ರಬಂಧ ಬರೆಯಬೇಕಿತ್ತು. 1620ರ ಮೆಟ್ಟಿಲುಬಾವಿಯಾದ ತಾಜ್ ಬಾವಡಿಯ ಆಸುಪಾಸಿನ ಓಣಿಗಳನ್ನು ಆರಿಸಿಕೊಂಡಿದ್ದೆ. ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಪ್ರಾಕಲ್ಪನೆ, ಮಾದರಿ ಆಯ್ಕೆ, ವಿಶ್ವಸನೀಯತೆ ಎಲ್ಲವನ್ನೂ ಓದಿದ್ದೆ. ಅಂಕಗಳೂ ಚೆನ್ನಾಗಿಯೇ ಬಂದಿದ್ದವು.

ಪ್ರಶ್ನಾವಳಿಯನ್ನು ಮೊದಲು ಕೆಲವು ಮನೆಗಳಲ್ಲಿ ಕೇಳಿನೋಡುವ ಪೂರ್ವಪರೀಕ್ಷೆಗೆ ಹೊರಟ ದಿನ ನನ್ನ ಮಾರ್ಗದರ್ಶಕಿಯೂ ಜೊತೆಗೆ ಬಂದರು. ಇದು ಸಣ್ಣ ಮಾತಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ 8 ಪಿಎಚ್.ಡಿ. ವಿದ್ಯಾರ್ಥಿಗಳವರೆಗೆ ಮಾರ್ಗದರ್ಶನ ಮಾಡಬಹುದು. ಅದರ ಮೇಲೆ ತರಗತಿ, ಮೌಲ್ಯಮಾಪನ, ನಮ್ಮಂಥವರ ಕಿರುಪ್ರಬಂಧಗಳು. ಹೀಗಿರುವಾಗ ಎಂ.ಎ. ವಿದ್ಯಾರ್ಥಿನಿಯ ಹಿಂದೆ ಓಣಿ ಸುತ್ತುವವರು ಎಷ್ಟು ಮಂದಿ ಸಿಕ್ಕಾರು?

"ದಿನಕ್ಕೆ ಎಷ್ಟು ಕೊಡ ನೀರು ಬಳಸುತ್ತೀರಿ?" ಎಂಬ ಪ್ರಶ್ನೆಗೆ ನಾಲ್ಕು ಆಯ್ಕೆಗಳಿದ್ದವು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟು, "ನಳ ಬಂದ ದಿನ ಮನಿ ತುಂಬ ನೀರು, ಬರದಿದ್ರ ಎರಡ ಕೊಡದಾಗ ಸಂಜೀತನಕ. ನಾ ಯಾವ ದಿನದ್ದು ಹೇಳ್ಲಿ ಯವ್ವಾ?" ಎಂದಳು. ನನ್ನ ಪೆನ್ನು ಎರಡನೆಯ ಆಯ್ಕೆಯತ್ತ ಹೊರಟಿತ್ತು. ಮೇಡಂ ಮೆಲ್ಲಗೆ, "ಖಾನೇದಾಗ ತುರುಕಬ್ಯಾಡ. ಆಕಿ ಹೇಳಿದಂಗ ಬರ್ಕೋ" ಎಂದರು. ಅಂಚಿನಲ್ಲಿ ಅಜ್ಜಿಯ ಮಾತನ್ನು ಇದ್ದಂತೆಯೇ ಬರೆದುಕೊಂಡೆ. ಸರಾಸರಿ ತೆಗೆದಿದ್ದರೆ ಆ ಮನೆಯಲ್ಲಿ ಎಂದೂ ಇಲ್ಲದ ಒಂದು ದಿನದ ಲೆಕ್ಕ ನನ್ನ ಕೋಷ್ಟಕಕ್ಕೆ ಬರುತ್ತಿತ್ತು. ನಳ ಬಾರದ ದಿನದ ಕೊರತೆಯೇ ಅಧ್ಯಯನದ ವಿಷಯವಾಗಿದ್ದರಿಂದ, ಆ ಅಂಕಿ ಮರೆಮಾಡುತ್ತಿದ್ದುದು ಅದನ್ನೇ.

ಮುಂದಿನ ಮನೆಗಳಲ್ಲಿಯೂ ವಯಸ್ಸಾದವರೇ ಸಿಕ್ಕರು. ಮೇಡಂ ಗಡಿಯಾರ ನೋಡಿ, "ಈ ಹೊತ್ತಿನ್ಯಾಗ ಕೂಲಿಗೆ ಹೋಗೋ ಹೆಣ್ಮಕ್ಕಳು ಮನ್ಯಾಗ ಇರ್ತಾರೇನು?" ಎಂದು ಕೇಳಿದರು. ಮನೆಗಳನ್ನು ನಾನು ಯಾದೃಚ್ಛಿಕವಾಗಿಯೇ, ಚೀಟಿ ಎತ್ತಿದಂತೆ, ಆರಿಸಿದ್ದೆ. ಆದರೆ ಉತ್ತರಿಸುವವರು ಯಾರೆಂಬುದನ್ನು ಮಧ್ಯಾಹ್ನದ ಹೊತ್ತು ನಿರ್ಧರಿಸುತ್ತಿತ್ತು. ಪಠ್ಯದಲ್ಲಿ ಮಾದರಿಯ ಪಕ್ಷಪಾತವೆಂದು ಓದಿದ್ದು ಇದನ್ನೇ ಎಂದು ತಿಳಿಯಲು ಆ ಓಣಿಗೇ ಬರಬೇಕಾಯಿತು.

ಭೇಟಿಗಳನ್ನು ಸಂಜೆಗೆ ಬದಲಿಸಿದೆವು. ಪ್ರಶ್ನೆಯನ್ನು ನಳ ಬಂದ ದಿನ, ಬಾರದ ದಿನ ಎಂದು ಎರಡಾಗಿ ಒಡೆದೆ. ಹಳೆಯ ಪ್ರಶ್ನಾವಳಿಯನ್ನೂ ಅನುಬಂಧದಲ್ಲಿ ಸೇರಿಸಿ, ಯಾವುದು ಏಕೆ ಬದಲಾಯಿತೆಂದು ಬರೆಯಬೇಕೆಂಬುದು ಮೇಡಂ ಹಾಕಿದ ಷರತ್ತು. ಮೌಖಿಕ ಪರೀಕ್ಷೆಯಲ್ಲಿ ಬಾಹ್ಯ ಪರೀಕ್ಷಕರು ಮೊದಲು ತೆರೆದದ್ದು ಆ ಅನುಬಂಧವನ್ನೇ, ಹೆಚ್ಚು ಹೊತ್ತು ಕೇಳಿದ್ದೂ ಅದರ ಬಗ್ಗೆಯೇ.