ಉಪ್ಪುಗಾಳಿ ಮತ್ತು ಪಾಚಿ

ತೀರ್ಥಹಳ್ಳಿಯ ಸುತ್ತಮುತ್ತಲಿನ ಹಳ್ಳಗಳಲ್ಲಿ ಕಾಲಿಟ್ಟರೆ ಜಾರುವ ಕಲ್ಲಿನ ಮೇಲಿನ ಕಂದು ಲೋಳೆಯಲ್ಲಿ ಹೆಚ್ಚಾಗಿ ಇರುವುದು ಡಯಾಟಮ್‌ಗಳು, ಅಂದರೆ ಸಿಲಿಕಾದ ಚಿಪ್ಪು ಹೊದ್ದ ಏಕಕೋಶ ಪಾಚಿಗಳು. ಯಾವ ನೀರಿನಲ್ಲಿ ಯಾವ ಜಾತಿ ನೆಲೆಯೂರುತ್ತದೆ ಎಂಬುದನ್ನು ಬಹುಮಟ್ಟಿಗೆ ಆ ನೀರಿನ ಲವಣಾಂಶ, ಆಮ್ಲೀಯತೆ ಮತ್ತು ಪೋಷಕಾಂಶಗಳು ನಿರ್ಧರಿಸುತ್ತವೆ.

ಇದನ್ನು ನಿಚ್ಚಳವಾಗಿ ತೋರಿಸುವ ಜಾಗವೆಂದರೆ ದಕ್ಷಿಣ ಸಾಗರದಲ್ಲಿ, ಸುಮಾರು 54 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿರುವ ಮ್ಯಾಕ್ವಾರಿ ದ್ವೀಪ. ಅಲ್ಲಿ ತೋಟವಿಲ್ಲ, ಕಾರ್ಖಾನೆಯಿಲ್ಲ. ಬಿಡುವಿಲ್ಲದೆ ಬೀಸುವ ಪಶ್ಚಿಮ ಮಾರುತವು ಸಮುದ್ರದ ತುಂತುರನ್ನು ಹೊತ್ತು ತರುವುದರಿಂದ ಪಶ್ಚಿಮ ಅಂಚಿನ ಕೆರೆಗಳಲ್ಲಿ ಉಪ್ಪು ಹೆಚ್ಚು, ಒಳಗಿನ ಕೆರೆಗಳಲ್ಲಿ ಕಡಿಮೆ, ಅದಕ್ಕೆ ತಕ್ಕಂತೆ ಡಯಾಟಮ್‌ಗಳ ಸಮುದಾಯವೂ ಬೇರೆ. ಇಂತಹ ದ್ವೀಪಗಳಲ್ಲಿ ಪೆಂಗ್ವಿನ್ ಮತ್ತು ಸೀಲ್‌ಗಳು ಗುಂಪುಗೂಡುವ ಕಡೆ ಅವುಗಳ ಹಿಕ್ಕೆಯಿಂದ ಸಾರಜನಕ, ರಂಜಕಗಳೂ ನೀರಿಗೆ ಸೇರುತ್ತವೆ. ನನಗೆ ಬೆರಗೆನಿಸುವುದು ಮುಂದಿನ ಸಂಗತಿ: ಸತ್ತ ಡಯಾಟಮ್‌ಗಳ ಚಿಪ್ಪು ಕೆರೆಯ ತಳದ ಕೆಸರಿನಲ್ಲಿ ಪದರಪದರವಾಗಿ ಉಳಿಯುವುದರಿಂದ, ಉಪ್ಪು ಸಹಿಸುವ ಜಾತಿಗಳ ಏರಿಳಿತವನ್ನು ಗುರುತಿಸಿ ವಿಜ್ಞಾನಿಗಳು ಸಾವಿರಾರು ವರ್ಷಗಳ ಗಾಳಿಯ ಬಲವನ್ನೇ ಅಂದಾಜಿಸಿದ್ದಾರೆ.

ನಮ್ಮ ಮಲೆನಾಡಿನಲ್ಲಿ ಲೆಕ್ಕ ಇಷ್ಟು ಸರಳವಲ್ಲ. ಮಳೆಗೆ ತೊಳೆದುಹೋದ ಜಂಬಿಟ್ಟಿಗೆ ನೆಲದಿಂದ ಇಳಿಯುವ ನೀರು ಸಹಜವಾಗಿ ಮೆದುವೇ, ಅಂದರೆ ಲವಣ ಕಡಿಮೆಯಿರುವಂಥದ್ದೇ ಆದರೂ, ಅಡಿಕೆ ತೋಟದ ಗೊಬ್ಬರ, ಸುಣ್ಣ, ಮೈಲುತುತ್ತದ ದ್ರಾವಣ ಎಲ್ಲವೂ ಕಪ್ಪಿನ (ತೋಟದ ಬಸಿಗಾಲುವೆಯ) ಮೂಲಕ ಅದೇ ಹಳ್ಳಕ್ಕೆ ಸೇರುತ್ತವೆ. ಆದ್ದರಿಂದ ಇಲ್ಲಿನ ಪಾಚಿಯನ್ನು ಅಭ್ಯಾಸ ಮಾಡುವವರು ತೋಟಗಳಿಗಿಂತ ಮೇಲೆ, ಕಾಡಿನೊಳಗಿನ ಹರಿವಿನಿಂದ ಮೊದಲ ಮಾದರಿಯನ್ನು ತೆಗೆಯುವುದು ಒಳ್ಳೆಯದು.