ಕ್ರಿಸ್‌ಮಸ್‌ಗೆ ನಿಮ್ಮ ಮನೆಯದೇ ಪದ್ಧತಿ ಬೇಕೆ? ರಾಗಿ ಬಿತ್ತಿ

ಪ್ರತಿ ನವೆಂಬರ್‌ನಲ್ಲಿ ನಮಗೆ ಬರುವ ಪ್ರಶ್ನೆ ಇದು. ಗಂಡ ಹೆಂಡತಿ ಕೆಲಸಕ್ಕೆಂದು ಮೈಸೂರಿಗೆ ಬಂದು ಮನೆ ಮಾಡಿರುತ್ತಾರೆ. ಮೂರು, ಆರು ವರ್ಷದ ಮಕ್ಕಳು. ಹೆಂಡತಿಯ ತಾಯಿಮನೆಯ ರೂಢಿಯೇ ಬೇರೆ, ಗಂಡನ ಕಡೆಯದೇ ಬೇರೆ. ಇಲ್ಲಿ ಹಬ್ಬ ಎಂದರೆ ಪ್ಲಾಸ್ಟಿಕ್ ಮರ, ಬೇಕರಿ ಕೇಕು, ಅಷ್ಟಕ್ಕೇ ಮುಗಿದುಹೋಗುತ್ತಿದೆ. ‘ಮಕ್ಕಳು ದೊಡ್ಡವರಾದ ಮೇಲೂ ನೆನೆಯುವಂಥದ್ದು ಏನು ಶುರು ಮಾಡೋಣ?’

ನಮ್ಮ ಉತ್ತರ: ಒಂದು ತಟ್ಟೆ ರಾಗಿ ಬಿತ್ತಿ, ಅದರ ಸುತ್ತ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ದೃಶ್ಯ, ಕಟ್ಟಿ. ಮಗುವಿನ ಕೈಯಲ್ಲೇ ಆಗುವ ಕೆಲಸ ಇದು, ನೂರಿನ್ನೂರು ರೂಪಾಯಿಗೆ ಮುಗಿಯುತ್ತದೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದ ವರ್ಷದಲ್ಲೂ ತಪ್ಪುವುದಿಲ್ಲ. ಹೊಸದಾಗಿ ಪದ್ಧತಿ ಹುಟ್ಟುಹಾಕುವುದು ಸರಿಯೇ ಎಂಬ ಅಳುಕು ಬೇಡ. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು, ಎತ್ತು, ಕತ್ತೆ ತರಿಸಿ ಗೋದಲಿ ಮಾಡಿದಾಗ ಅದೂ ಹೊಸದೇ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೇಣದಬತ್ತಿಗಳ ಚಕ್ರ 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹುಟ್ಟಿತು. ವಿಖರ್ನ್ ಎಂಬ ಪಾದ್ರಿ ತಾವು ಸಾಕುತ್ತಿದ್ದ ಬಡ ಮಕ್ಕಳು ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಎಣಿಸಲಿ ಅಂತ ಅದನ್ನು ಮಾಡಿದರು.

ಗೋದಲಿಯ ಮುಂದೆ ಹಸಿರಿಗೆ ರಾಗಿ ಪೈರು ಇಡುವುದು ನಮ್ಮ ಕಡೆ ಹಳೆಯ ರೂಢಿ. ಕ್ರೊಯೇಷಿಯಾ, ಹಂಗೇರಿಗಳಲ್ಲಿ ಡಿಸೆಂಬರ್ 13ರ ಸಂತ ಲೂಸಿಯ ಹಬ್ಬದಂದು ಗೋಧಿ ಬಿತ್ತುತ್ತಾರೆ. ಗೋಧಿಗೆ ಆ ಹನ್ನೆರಡು ದಿನ ಸಾಕು, ರಾಗಿಗೆ ಸಾಲದು. ಮೈಸೂರಿನ ಡಿಸೆಂಬರ್ ರಾತ್ರಿಯ ಚಳಿಗೆ ರಾಗಿ ನಿಧಾನವಾಗಿ ಮೇಲೇಳುತ್ತದೆ. ಆದ್ದರಿಂದ 9ರ ರಾತ್ರಿ ನೆನೆಹಾಕಿ, 10ರಂದು ಬಿತ್ತಿ.

ಅದಕ್ಕೂ ವಾರ ಮೊದಲು ಕಾಳಿನ ಪರೀಕ್ಷೆ ಆಗಬೇಕು. ಇಪ್ಪತ್ತು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮೂರು ದಿನದಲ್ಲಿ ಹದಿನೈದಾದರೂ ಮೊಳೆಯದಿದ್ದರೆ ಆ ರಾಗಿ ಹಳೆಯದು, ಹಿಟ್ಟು ಮಾಡಿಸಿಕೊಳ್ಳಿ. ಸಂತೇಪೇಟೆಯಿಂದಲೋ ಊರಿನಿಂದಲೋ ಈ ವರ್ಷದ ರಾಗಿ ತರಿಸಿ. ಆರು ವರ್ಷದ ಮಗುವಿಗೆ ಎಣಿಸುವ ಕೆಲಸವೂ ಆಯಿತು.

ಒಂದಡಿ ಉದ್ದ, ಮುಕ್ಕಾಲಡಿ ಅಗಲದ ತಟ್ಟೆಗೆ ಒಂದು ದೊಡ್ಡ ಚಮಚ ತುಂಬ, ಸುಮಾರು 15 ಗ್ರಾಂ ರಾಗಿ ಸಾಕು. ತಟ್ಟೆಯ ತಳದಲ್ಲಿ ತೂತುಗಳಿರಲಿ. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಜರಡಿ ಹಿಡಿದ ಗೊಬ್ಬರ ಬೆರೆಸಿ ಮೂರು ಸೆಂಟಿಮೀಟರ್ ಹರಡಿ. ಬರೀ ಕೆಂಪು ಮಣ್ಣಾದರೆ ಒಣಗಿದಾಗ ಮೇಲೆ ಹೆಪ್ಪುಗಟ್ಟುತ್ತದೆ, ರಾಗಿಯ ಎಳೆ ಮೊಳಕೆಗೆ ಅದನ್ನು ಎತ್ತುವ ಶಕ್ತಿ ಇಲ್ಲ. ನೆಂದ ಕಾಳನ್ನು ಸ್ವಲ್ಪ ಆರಿಸಿ ಒಣ ಮರಳಿನ ಜೊತೆ ಕಲಸಿ ಕೊಟ್ಟರೆ ಮೂರು ವರ್ಷದ ಮಗುವೂ ಸಮವಾಗಿ ಚೆಲ್ಲುತ್ತದೆ. ಹಾಗೇ ಕೊಟ್ಟರೆ ಕಾಳು ಬೆರಳಿಗೆ ಅಂಟಿ ಒಂದೇ ಕಡೆ ಗುಪ್ಪೆಯಾಗಿ ಬೀಳುತ್ತದೆ. ಮೇಲೆ ತೆಳ್ಳಗೆ ಮಣ್ಣು ಉದುರಿಸಿ ಒದ್ದೆ ಬಟ್ಟೆ ಮುಚ್ಚಿ. ಬಿಳಿ ಮೊಳಕೆ ಕಂಡ ದಿನವೇ ಬಟ್ಟೆ ತೆಗೆಯಬೇಕು. ಒಂದು ದಿನ ತಡವಾದರೆ ಮೊಳಕೆ ನೂಲಿಗೆ ಅಂಟಿಕೊಂಡು ಬಟ್ಟೆಯ ಜೊತೆ ಕಿತ್ತು ಬರುತ್ತದೆ.

ಹೆಚ್ಚು ಜನ ಸೋಲುವುದು ನೀರಿನಲ್ಲಿ. ಮಗ್ಗಿನಿಂದ ಹೊಯ್ದರೆ ಕಾಳೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. ಸ್ಪ್ರೇ ಬಾಟಲಿ ಮಗುವಿನ ಕೈಗೆ ಕೊಡಿ, ಬೆಳಿಗ್ಗೆ ಒಮ್ಮೆ ಮಾತ್ರ. ಸಂಜೆ ನೀರು ಹಾಕಿದರೆ ರಾತ್ರಿಯಿಡೀ ಬುಡ ತೇವವಾಗಿದ್ದು ಬೂಷ್ಟು ಹಿಡಿಯುತ್ತದೆ, ಮರುದಿನ ಪೈರು ಬುಡದಲ್ಲೇ ಕರಗಿ ಮಲಗುತ್ತದೆ. ಇರುವೆ ಕಾಳು ಹೊತ್ತೊಯ್ಯದಂತೆ ತಟ್ಟೆಯನ್ನು ಎರಡು ಇಟ್ಟಿಗೆಯ ಮೇಲೆ ಕೂರಿಸಿ, ಇಟ್ಟಿಗೆಗಳನ್ನು ನೀರಿನ ಪರಾತದಲ್ಲಿಡಿ. ಮೂಡಣ ಕಿಟಕಿಯ ಬೆಳಕು ಒಳ್ಳೆಯದು, ದಿನಾ ತಟ್ಟೆ ತಿರುಗಿಸಿ. ಬೆಳಕು ಸಾಲದಿದ್ದರೆ ಪೈರು ಹಳದಿಯಾಗಿ ಉದ್ದ ಬೆಳೆದು ಒರಗುತ್ತದೆ. ಹಾಗೂ ಕೆಟ್ಟುಹೋದರೆ 17ರವರೆಗೂ ಸಮಯವಿದೆ: ಅದೇ ಮಣ್ಣು ಬೇಡ, ಹೊಸ ಮಣ್ಣಿಗೆ ಗೋಧಿ ಹಾಕಿ. ಮಗುವಿಗೆ ತಿಳಿಯದಂತೆ ತಟ್ಟೆ ಬದಲಿಸಬೇಡಿ, ಜೊತೆಗೆ ಕೂತು ಮತ್ತೆ ಬಿತ್ತಿ.

ಇನ್ನು ಗೋದಲಿ. ಅಂಗಡಿಯ ಪೂರ್ತಿ ಸೆಟ್ ಒಮ್ಮೆಗೇ ತಂದರೆ ಮುಂದಿನ ವರ್ಷ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ. ಜೇಡಿಮಣ್ಣಿನಲ್ಲಿ ವರ್ಷಕ್ಕೆ ಎರಡು ಮೂರು ಗೊಂಬೆ ಮಾಡಿ. ಮೊದಲ ವರ್ಷ ಯೇಸುವಿನ ತಾಯಿ ಮರಿಯಮ್ಮ, ಜೋಸೆಫ್, ಶಿಶು. ಎರಡನೆಯ ವರ್ಷ ಕುರುಬ ಮತ್ತು ಕುರಿ. ಕುರಿ ನಮ್ಮ ಮಳವಳ್ಳಿ ಸೀಮೆಯ ಬಂಡೂರು ಕುರಿಯಂತೆ ಗಿಡ್ಡ ಕಾಲು, ತುಂಬಿದ ಮೈ ಇರಲಿ. ತೆಳ್ಳನೆಯ ಉದ್ದ ಕಾಲು ಹೇಗೂ ಮುರಿಯುತ್ತದೆ. ಆಮೇಲೆ ಎತ್ತು, ಕತ್ತೆ. ಇವೆರಡೂ ಲೂಕನ ಸುವಾರ್ತೆಯಲ್ಲಿಲ್ಲ, ಯೆಶಾಯನ ಗ್ರಂಥದ ಮಾತಿನಿಂದ ಬಂದವು ಎಂದು ದೊಡ್ಡ ಮಗುವಿಗೆ ಹೇಳಬಹುದು. ಕೊನೆಗೆ ಮೂಡಣ ದೇಶದ ಜೋಯಿಸರು, ಅವರ ಚಿನ್ನ, ಧೂಪ, ರಕ್ತಬೋಳ.

ಗೊಂಬೆ ಗೇಣುದ್ದಕ್ಕಿಂತ ಹೆಚ್ಚು ಬೇಡ. ಎರಡು ಸೆಂಟಿಮೀಟರ್‌ಗಿಂತ ದಪ್ಪಗಿರುವ ಕಡೆ ಒಳಗೆ ಟೊಳ್ಳು ಮಾಡಿ. ಹೊರಮೈ ಬೇಗ ಒಣಗಿ ಒಳಗು ಹಸಿಯಾಗಿದ್ದರೆ ಬಿರುಕು ಬಿಡುತ್ತದೆ. ಮಣ್ಣಿಗೆ ಸ್ವಲ್ಪ ಹತ್ತಿಯ ಎಳೆ ಕಲಸಿ ನಾದಿದರೆ ಹಿಡಿತ ಬರುತ್ತದೆ. ಮೊದಲೆರಡು ದಿನ ಒದ್ದೆ ಬಟ್ಟೆಯಡಿ, ಆಮೇಲೆ ಒಂದು ವಾರ ನೆರಳಿನಲ್ಲಿ ಒಣಗಲಿ, ಬಿಸಿಲಿಗೆ ಬೇಡವೇ ಬೇಡ. ಹಸಿಯಿರುವಾಗಲೇ ತಳದಲ್ಲಿ ಇಸವಿಯನ್ನು ಮೊಳೆಯಿಂದ ಕೊರೆಯಿರಿ. ಮೂರು ವರ್ಷದೊಳಗಿನ ಮಗುವಿದ್ದರೆ ಟಿಷ್ಯೂ ರೋಲಿನ ರಟ್ಟಿನ ಕೊಳವೆಯೊಳಗೆ ತೂರುವಷ್ಟು ಚಿಕ್ಕ ವಸ್ತು ಯಾವುದೂ ಕೈಗೆ ಸಿಗಬಾರದು.

ಗೊಂಬೆಗಳು ನಡೆಯಲಿ. ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ ಆಗಮನ ಕಾಲ ಶುರು. ಅಂದು ಮರಿಯಮ್ಮ, ಜೋಸೆಫರನ್ನು ಮನೆಯ ಒಂದು ಮೂಲೆಯಿಂದ ಹೊರಡಿಸಿ, ದಿನಕ್ಕೊಂದು ಗೇಣು. 24ರ ರಾತ್ರಿಯವರೆಗೆ ಶಿಶುವಿನ ಜಾಗ ಖಾಲಿ. ಆ ರಾತ್ರಿ ಲೂಕನ ಎರಡನೆಯ ಅಧ್ಯಾಯದ ಮೊದಲ ಇಪ್ಪತ್ತು ವಚನ ಓದಿ, ಕಿರಿಯ ಮಗುವಿನ ಕೈಯಿಂದ ಶಿಶುವನ್ನು ಮಲಗಿಸಿ. ಚರ್ಚಿನ ರಾತ್ರಿ ಪೂಜೆಗೆ ಚಿಕ್ಕ ಮಕ್ಕಳು ನಿದ್ದೆಗೆಟ್ಟು ಅಳುವುದಾದರೆ 25ರ ಬೆಳಗಿನ ಪೂಜೆಗೆ ಹೋಗಿ, ಅದರಿಂದ ಏನೂ ಕಡಿಮೆಯಾಗದು. ಜೋಯಿಸರು 25ರಂದು ಅಡುಗೆಮನೆಯಿಂದ ಹೊರಟು ಅವರ ಹಬ್ಬವಾದ ಜನವರಿ 6ಕ್ಕೆ ಬಂದು ಸೇರಲಿ. ಸಂತ ಫಿಲೋಮಿನಾ ಚರ್ಚಿಗೆ 25ರ ಸಂಜೆಯ ನೂಕುನುಗ್ಗಲಿನಲ್ಲಿ ಮಕ್ಕಳನ್ನು ಕರೆದೊಯ್ಯುವುದಕ್ಕಿಂತ ಆಮೇಲೆ ಒಂದು ವಾರದ ದಿನ ಹೋಗಿ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ ಚರ್ಚಿನ ಜೋಡಿ ಗೋಪುರವನ್ನು ಕತ್ತೆತ್ತಿ ನೋಡಲು ಜಾಗವಿರುತ್ತದೆ.

ತಿಂಡಿಗೆ ಒಂದೇ ಸಾಕು: ಕಲ್‌ಕಲ್. ಮೊಟ್ಟೆ ಹಾಕದೆ ಮಾಡಿದರೆ ಅಕ್ಕಪಕ್ಕದ ಎಲ್ಲ ಮನೆಗೂ ಮಕ್ಕಳೇ ತಟ್ಟೆ ಕೊಂಡೊಯ್ಯಬಹುದು, ಸಂಕ್ರಾಂತಿಗೆ ಆ ಮನೆಗಳಿಂದ ಎಳ್ಳು ಬೀರಲು ಬರುವಂತೆ. ಅರ್ಧ ಕೆಜಿ ಮೈದಾ, 50 ಗ್ರಾಂ ಚಿರೋಟಿ ರವೆ, 100 ಗ್ರಾಂ ಸಕ್ಕರೆ ಪುಡಿ, ಚಿಟಿಕೆ ಉಪ್ಪು. ಇದಕ್ಕೆ 50 ಗ್ರಾಂ ತುಪ್ಪ ಕಾಯಿಸಿ ಹಾಕಿ, ಗಟ್ಟಿ ತೆಂಗಿನ ಹಾಲು ಸ್ವಲ್ಪಸ್ವಲ್ಪವೇ ಸೇರಿಸುತ್ತ ಪೂರಿ ಹಿಟ್ಟಿನಂತೆ ಕಲಸಿ, ಮುಕ್ಕಾಲು ಗಂಟೆ ಮುಚ್ಚಿಡಿ. ಗೋಲಿಯಷ್ಟು ಉಂಡೆಯನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಸುತ್ತುವುದು ಮಕ್ಕಳ ಕೆಲಸ, ಎಣ್ಣೆಯ ಹತ್ತಿರ ದೊಡ್ಡವರು ಮಾತ್ರ. ಸಕ್ಕರೆ ಹೆಚ್ಚಾದರೆ ಎಣ್ಣೆಯಲ್ಲಿ ಒಡೆಯುತ್ತದೆ. ಅಂಚು ಒಣಗಿದ್ದರೆ ಸುರುಳಿ ಬಿಚ್ಚುತ್ತದೆ. ಉರಿ ಜೋರಾದರೆ ಹೊರಗೆ ಕೆಂಪಾಗಿ ಒಳಗೆ ಮೆತ್ತಗುಳಿದು ನಾಲ್ಕು ದಿನಕ್ಕೇ ಮುಗ್ಗಲು ವಾಸನೆ. ಮಂಡ್ಯದ ಬೆಲ್ಲ ಹಾಕಬೇಕೆಂದರೆ ಹಿಟ್ಟಿಗೆ ಬೇಡ, ಕರಿದರೆ ಕಪ್ಪಾಗುತ್ತದೆ. ಗಟ್ಟಿ ಪಾಕ ಮಾಡಿ, ಕರಿದು ಆರಿದ ಕಲ್‌ಕಲ್‌ಗೆ ಬಳಿಯಿರಿ.

ಜನವರಿ 6 ಕಳೆದ ಮೇಲೆ ಗೊಂಬೆಗಳನ್ನು ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಮಳೆಗಾಲದಲ್ಲಿ ಬೆವೆತು, ಸುಡದ ಮಣ್ಣು ಮೆತ್ತಗಾಗುತ್ತದೆ. ರಾಗಿ ಪೈರನ್ನು ಕಸಕ್ಕೆ ಎಸೆಯಬೇಡಿ. ಬೇರಿನ ಮಣ್ಣು ಕೊಡವಿ, ಬೀದಿಯಲ್ಲಿ ಬರುವ ಹಸುವಿಗೆ ಮಗುವಿನ ಕೈಯಿಂದಲೇ ತಿನ್ನಿಸಿ.