ಡ್ರಿಫ್ಟ್ ಪುರಾಣ

ಗೇಮ್ ಕಂಟ್ರೋಲರ್‌ನ ಸ್ಟಿಕ್ ಮುಟ್ಟದೇ ಇದ್ದರೂ ಆಟದಲ್ಲಿ ನನ್ನ ಪ್ಲೇಯರ್ ತಾನಾಗಿಯೇ ಎಡಕ್ಕೆ ನಡೆಯುತ್ತಾನೆ. ಇದಕ್ಕೇ ಸ್ಟಿಕ್ ಡ್ರಿಫ್ಟ್ ಅನ್ನೋದು. ಗೇಮ್ ಆಡುವವರಿಗೆಲ್ಲ ಗೊತ್ತಿರುವ ಕಾಯಿಲೆ, ಕನ್ಸೋಲ್ ಕಂಪನಿಯ ಸಪೋರ್ಟ್‌ನವರಿಗೆ ಮಾತ್ರ ಪ್ರತಿ ಸಲವೂ ಹೊಸ ಸುದ್ದಿ! ಮೊದಲು ಬಾಟ್ ಬಂದು ರೀಸ್ಟಾರ್ಟ್ ಮಾಡಿ ಅಂತು, ಆಮೇಲೆ ಬಂದವರು ಸೀರಿಯಲ್ ನಂಬರ್, ಬಿಲ್, ವಿಡಿಯೋ ಎಲ್ಲ ಇಸ್ಕೊಂಡು, ಅರ್ಧ ಗಂಟೆ ಕಾಯಿಸಿ, ಕೊನೆಗೆ 'ವಾರಂಟಿ ಮುಗಿದಿದೆ ಸರ್, ಹೊಸದು ತಗೊಳ್ಳಿ' ಅಂದು ಚಾಟ್ ಮುಚ್ಚಿದರು. ಇದನ್ನು ಬಿಲ್ ನೋಡಿದ ತಕ್ಷಣವೇ ಹೇಳಬಹುದಿತ್ತು ಅಲ್ವಾ? ಮೇಲಿಂದ 'ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡ್ತೀರಿ' ಅಂತ ಮೇಲ್ ಬೇರೆ.

ಸಿಟ್ಟಿನಲ್ಲಿ ಸ್ಕ್ರೂ ಬಿಚ್ಚಿ ನೋಡಿದೆ. ಸ್ಟಿಕ್ ಪಕ್ಕದ ಪುಟ್ಟ ಡಬ್ಬಿಯಲ್ಲಿ ಕಪ್ಪು ಕಾರ್ಬನ್ ಪಟ್ಟಿ, ಅದರ ಮೇಲೆ ಉಜ್ಜುವ ಲೋಹದ ತುಂಡು. ಉಜ್ಜಿ ಉಜ್ಜಿ ಪಟ್ಟಿ ಸವೆದರೆ ಡ್ರಿಫ್ಟ್ ಶುರು. ಉಜ್ಜೋ ಗೋಜೇ ಇಲ್ಲದೆ ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಸೆನ್ಸರ್ 1998ರ ಸೆಗಾ ಡ್ರೀಮ್‌ಕಾಸ್ಟ್ ಕನ್ಸೋಲ್‌ನ ಕಂಟ್ರೋಲರ್‌ನಲ್ಲೇ ಇತ್ತು. ಇಷ್ಟು ದುಡ್ಡು ಕೊಟ್ಟ ನನ್ನ ಕಂಟ್ರೋಲರ್‌ನಲ್ಲಿ ಯಾಕಿಲ್ಲ? ಕೆಟ್ಟರೆ ಇನ್ನೊಂದು ಮಾರಬಹುದು ಅಂತಲೇ ಹಾಕಿಲ್ಲ ಅನ್ನೋದು ನನ್ನ ಅನುಮಾನ.

ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಿಗೆ ಹೋಗುತ್ತೇನೆ. ಸ್ಟಿಕ್ ಬದಲಾಯಿಸಿ ಕೊಡುವ ಒಳ್ಳೆ ರಿಪೇರಿಯವರು ಗೊತ್ತಿದ್ದರೆ ಹೇಳಿ.